ನೀವು ನೋಡಿದ ಟರ್ಮಿನೇಟರ್ ಯಾವುದು?

(ಪುಣೆಯ ಕೋಥ್ರೂಡ್‌ನಲ್ಲಿ ಕನ್ನಡದ ಚಿತ್ರಾಸಕ್ತರು ಸೇರಿದ್ದ ಸಂಜೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

82997. ಈ ಐದು ಅಂಕಿಗಳಿಂದಲೇ ಮಾತು ಶುರು ಮಾಡುತ್ತೇನೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ‘ಟರ್ಮಿನೇಟರ್ 2: ಜಡ್ಜ್‌ಮೆಂಟ್ ಡೇ’ ಚಿತ್ರದ ಹೊಸ ಡಿವಿಡಿ ಬಂತು. ‘ಅಲ್ಟಿಮೇಟ್ ಎಡಿಷನ್’ ಎಂದು ಅದರ ಹೆಸರು. ಡಿಸ್ಕನ್ನು ಪ್ಲೇಯರಿಗೆ ಹಾಕಿದರೆ ಪರದೆಯ ಮೇಲೆ ಎರಡು ಆಯ್ಕೆಗಳು ಕಾಣುತ್ತಿದ್ದವು: 1991ರಲ್ಲಿ ಚಿತ್ರಮಂದಿರಗಳಲ್ಲಿ ಓಡಿದ ಚಿತ್ರ ಒಂದು, ಕೆಲವು ದೃಶ್ಯಗಳನ್ನು ಸೇರಿಸಿ ಉದ್ದ ಮಾಡಿದ ಚಿತ್ರ ಇನ್ನೊಂದು. ಮೂರನೆಯದೂ ಒಂದಿತ್ತು, ಆದರೆ ಕಣ್ಣಿಗೆ ಬೀಳುತ್ತಿರಲಿಲ್ಲ. ರಿಮೋಟ್‌ನಲ್ಲಿ 8, 2, 9, 9, 7 ಎಂದು ಒತ್ತಿದವರಿಗೆ ಮಾತ್ರ ಅದು ತೆರೆದುಕೊಳ್ಳುತ್ತಿತ್ತು. ಆ ಅಂಕಿಗಳು 1997ರ ಆಗಸ್ಟ್ 29. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವುದರಿಂದ ಅಂಕಿಗಳು ಆ ಕ್ರಮದಲ್ಲಿವೆ. ಚಿತ್ರದ ಕತೆಯಲ್ಲಿ ಯಂತ್ರಗಳು ಮನುಷ್ಯಕುಲದ ಮೇಲೆ ಅಣುಯುದ್ಧ ಹೂಡುವ ದಿನ ಅದು.

ಈ ಸಭೆಯಲ್ಲಿ ಬಹಳ ಜನ ಈ ಚಿತ್ರ ನೋಡಿದ್ದೀರಿ. ಆದರೆ ಎಲ್ಲರೂ ನೋಡಿರುವುದು ಒಂದೇ ಚಿತ್ರವಲ್ಲ. ಕ್ಯಾಸೆಟ್‌ನಲ್ಲಿ ನೋಡಿದವರ ಚೌಕಟ್ಟು ಬೇರೆ, ವಿಸಿಡಿಯಲ್ಲಿ ನೋಡಿದವರ ಬಣ್ಣ ಬೇರೆ, ಡಿವಿಡಿಯಲ್ಲಿ ನೋಡಿದವರ ಕತೆಯೇ ಕೊಂಚ ಬೇರೆ, ಈಚೆಗೆ 4ಕೆ ಎಂಬ ಅತಿ ಸ್ಪಷ್ಟ ರೂಪದಲ್ಲಿ ನೋಡಿದವರಿಗೆ ಕಂಡ ಮುಖಗಳು ಬೇರೆ. ಸಿನಿಮಾ ಮನೆಗೆ ಬರುವ ಪ್ರತಿ ಸಲವೂ ಯಾರೋ ಒಂದು ಕೋಣೆಯಲ್ಲಿ ಕುಳಿತು ಅದು ಹೇಗಿರಬೇಕೆಂದು ಹೊಸದಾಗಿ ತೀರ್ಮಾನಿಸುತ್ತಾರೆ. ಚಿತ್ರಮಂದಿರದಲ್ಲಿ ಕೆಲವು ವಾರ ಓಡಿದ ಚಿತ್ರವನ್ನು ಮುಂದಿನ ಐವತ್ತು ವರ್ಷ ಜನ ಹೇಗೆ ನೋಡುತ್ತಾರೆಂಬುದು ಆ ಕೋಣೆಯಲ್ಲಿ ನಿರ್ಧಾರವಾಗುತ್ತದೆ. ಆದ್ದರಿಂದ ಹೋಂ ವಿಡಿಯೋ ಎನ್ನುವುದನ್ನು ಸಿನಿಮಾದ ಬಾಲವೆಂದು ನೋಡುವುದನ್ನು ಬಿಟ್ಟು, ಸಿನಿಮಾದ ಚರಿತ್ರೆಯ ನಡುಮನೆಗೆ ತಂದು ಕೂರಿಸಬೇಕು ಎಂಬುದು ನನ್ನ ವಾದ.

ಇದನ್ನು ಪುಣೆಯಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಟರ್ಮಿನೇಟರ್ 2 ಬಿಡುಗಡೆಯಾದದ್ದು 1991ರ ಜುಲೈ 3ರಂದು. ಅದೇ ವರ್ಷ ಈ ಊರಿನಲ್ಲಿ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ‘ಪರಮ್ 8000’ ಸೂಪರ್‌ಕಂಪ್ಯೂಟರನ್ನು ಹೊರತಂದಿತು. ಅಮೆರಿಕ ತನ್ನ ಸೂಪರ್‌ಕಂಪ್ಯೂಟರನ್ನು ನಮಗೆ ಕೊಡಲು ಒಪ್ಪದಿದ್ದಾಗ 1988ರಲ್ಲಿ ಹುಟ್ಟಿದ ಸಂಸ್ಥೆ ಅದು. ವಿಜಯ್ ಭಟ್ಕರ್ ಅದರ ಮುಂದಾಳು. ಅಲ್ಲಿ ಒಂದು ದೇಶ ಕಂಪ್ಯೂಟರ್ ಕೈಮೀರಿ ಹೋದರೆ ಏನಾದೀತೆಂದು ಹತ್ತು ಕೋಟಿ ಡಾಲರ್ ಸುರಿದು ಕನಸು ಕಾಣುತ್ತಿದ್ದಾಗ, ಇಲ್ಲಿ ನಮ್ಮವರು ಕಂಪ್ಯೂಟರ್ ಕೈಗೆ ಸಿಗಬೇಕೆಂದು ದುಡಿಯುತ್ತಿದ್ದರು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರಗಳಿಂದ ಆಮೇಲೆ ಈ ಊರಿನ ಕಂಪನಿಗಳಿಗೆ ಬಂದ ನಮ್ಮಂಥವರಿಗೆ ಎರಡೂ ಭಾವನೆಗಳು ಗೊತ್ತು. ಇನ್ನೊಂದು ಕಾರಣ ಲಾ ಕಾಲೇಜ್ ರಸ್ತೆಯಲ್ಲಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕತೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಭವಿಷ್ಯದ ಯಂತ್ರಲೋಕದಿಂದ ಒಬ್ಬ ಹುಡುಗನನ್ನು ಕೊಲ್ಲಲು ಒಂದು ಯಂತ್ರ ಬರುತ್ತದೆ, ಕಾಯಲು ಇನ್ನೊಂದು. ಕೊಲ್ಲಲು ಬಂದದ್ದು ದ್ರವಲೋಹದ್ದು, ಯಾವ ರೂಪವನ್ನಾದರೂ ತಾಳಬಲ್ಲದು. ಕಾಯುವುದು ಹಳೆಯ ಮಾದರಿಯದು. ಹುಡುಗನ ತಾಯಿ ಸಾರಾ ಈ ಎರಡನ್ನೂ ನಂಬಳು. ನಿರ್ದೇಶಕ ಜೇಮ್ಸ್ ಕ್ಯಾಮೆರಾನ್. 1984ರ ಮೊದಲ ಟರ್ಮಿನೇಟರ್ ಮುಗಿದದ್ದು ಸುಮಾರು 64 ಲಕ್ಷ ಡಾಲರಿನಲ್ಲಿ. ಎರಡನೆಯದಕ್ಕೆ ತಗಲಿದ್ದು ಅದರ ಸುಮಾರು ಹದಿನೈದು ಪಟ್ಟು. ಗಳಿಸಿದ್ದು ಜಗತ್ತಿನಾದ್ಯಂತ 50 ಕೋಟಿ ಡಾಲರಿಗೂ ಹೆಚ್ಚು.

ಈ ಚಿತ್ರವೆಂದರೆ ಕಂಪ್ಯೂಟರ್ ಗ್ರಾಫಿಕ್ಸ್ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ 137 ನಿಮಿಷದ ಚಿತ್ರದಲ್ಲಿ ಕಂಪ್ಯೂಟರಿನಿಂದ ಹುಟ್ಟಿದ ಚಿತ್ರಿಕೆ ಎಲ್ಲ ಸೇರಿ ಐದು ನಿಮಿಷದ ಆಸುಪಾಸು. ಡೆನಿಸ್ ಮ್ಯೂರೆನ್ ಅವರ ನೇತೃತ್ವದಲ್ಲಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಎಂಬ ದೃಶ್ಯ ಪರಿಣಾಮಗಳ ಕಂಪನಿ ಅದನ್ನು ಮಾಡಿತು. ನಟ ರಾಬರ್ಟ್ ಪ್ಯಾಟ್ರಿಕ್ ಅವರ ಮೈಮೇಲೆ ಕಪ್ಪು ಗೆರೆಗಳ ಜಾಲ ಬರೆದು, ನಡೆಸಿ, ಓಡಿಸಿ, ಆ ನಡಿಗೆಯನ್ನು ಅಳೆದು ದ್ರವಲೋಹದ ಮನುಷ್ಯನಿಗೆ ಕೊಟ್ಟರು. ಉಳಿದದ್ದೆಲ್ಲ ಕೈಕೆಲಸ. ಸ್ಟಾನ್ ವಿನ್‌ಸ್ಟನ್ ಅವರ ಕಾರ್ಯಾಗಾರದಲ್ಲಿ ತಯಾರಾದ ಗೊಂಬೆಗಳು, ಗುಂಡು ತಗಲಿದ ಕೂಡಲೇ ಎದೆಯ ಮೇಲೆ ಅರಳುವ ಲೋಹದ ಹೂಗಳು, ಸೀಳಿದ ತಲೆ. ಮಾನಸಿಕ ಆಸ್ಪತ್ರೆಯ ನೆಲದಿಂದ ಎದ್ದು ಬಂದು ಯಂತ್ರವು ಕಾವಲುಗಾರನ ರೂಪ ತಾಳುವ ದೃಶ್ಯ ನೆನಪಿದೆಯಲ್ಲ? ಕಾವಲುಗಾರನೂ ಅವನ ಪ್ರತಿರೂಪವೂ ನಿಜವಾದ ಅವಳಿ ಸೋದರರು. ಮುಖಾಮುಖಿ ನಿಂತ ಆ ಹೊತ್ತಿಗೆ ಕಂಪ್ಯೂಟರ್ ಬೇಕಾಗಲಿಲ್ಲ.

ಸದ್ದಿನ ವಿಷಯಕ್ಕೆ ಬಂದರೆ ನನಗೆ ಬಹಳ ಪ್ರೀತಿಯ ಒಂದು ಸಂಗತಿ ಇದೆ. ಅದೇ ಆಸ್ಪತ್ರೆಯಲ್ಲಿ ದ್ರವಲೋಹದವನು ಕಬ್ಬಿಣದ ಸರಳುಗಳ ಬಾಗಿಲನ್ನು ತೆರೆಯದೆ, ಸರಳುಗಳ ನಡುವೆಯೇ ಹಾದು ಬರುತ್ತಾನೆ. ಮುಖ ಸರಳಿನ ಸುತ್ತ ಹರಿದು ಮತ್ತೆ ಕೂಡಿಕೊಳ್ಳುತ್ತದೆ. ಆಗ ಕೇಳಿಸುವ ಜಿಗುಟು ಸದ್ದು ಧ್ವನಿ ವಿನ್ಯಾಸಕಾರ ಗ್ಯಾರಿ ರೈಡ್‌ಸ್ಟ್ರಾಮ್ ಅವರು ಡಬ್ಬಿಯಿಂದ ನಾಯಿಯ ಆಹಾರ ನಿಧಾನವಾಗಿ ಜಾರಿ ಬೀಳುವಾಗ ಹಿಡಿದ ಸದ್ದು. ಆ ಕಾಲಕ್ಕೆ ಜಗತ್ತಿನ ಅತ್ಯಂತ ದುಬಾರಿಯಾಗಿದ್ದ ಚಿತ್ರದ ಅತ್ಯಂತ ಅದ್ಭುತ ಕ್ಷಣದ ಹಿಂದೆ ಹೀಗೆ ಒಬ್ಬ ಮನುಷ್ಯನ ಕಿವಿಯ ಚುರುಕು ಇದೆ. ಈ ಚಿತ್ರಕ್ಕೆ ನಾಲ್ಕು ಆಸ್ಕರ್‌ಗಳು ಬಂದವು: ದೃಶ್ಯ ಪರಿಣಾಮ, ಪ್ರಸಾಧನ, ಮತ್ತು ಧ್ವನಿಗೆ ಎರಡು. ಸರಳಿನ ನಂತರ ಸಣ್ಣದೊಂದು ತಮಾಷೆಯೂ ಇದೆ. ಅವನು ದಾಟಿ ಬರುತ್ತಾನೆ, ಕೈಯಲ್ಲಿದ್ದ ಪಿಸ್ತೂಲು ಮಾತ್ರ ಸರಳಿಗೆ ತಗಲಿ ನಿಲ್ಲುತ್ತದೆ, ಅದು ದ್ರವಲೋಹವಲ್ಲವಲ್ಲ. ಕೈಯನ್ನು ಕೊಂಚ ತಿರುಗಿಸಿ ಒಳಗೆಳೆದುಕೊಳ್ಳುತ್ತಾನೆ. ಸಣ್ಣ ಪರದೆಯಲ್ಲಿ ಇದು ಕಣ್ತಪ್ಪಿ ಹೋಗುತ್ತದೆ.

ಇನ್ನು ಇದು ಮನೆಗೆ ಬಂದ ಕತೆ.

ಮೊದಲು ಚೌಕಟ್ಟು. ಚಿತ್ರವನ್ನು ಸೂಪರ್ 35 ಎಂಬ ಪದ್ಧತಿಯಲ್ಲಿ ಸೆರೆಹಿಡಿದಿದ್ದರು. ಅದರಲ್ಲಿ ಕ್ಯಾಮೆರಾ ಎತ್ತರವಾದ ಚಿತ್ರಿಕೆಯನ್ನು ಹಿಡಿಯುತ್ತದೆ. ಚಿತ್ರಮಂದಿರಕ್ಕೆ ಬೇಕಾದ ಅಗಲದ ಪಟ್ಟಿಯನ್ನು ಅದರೊಳಗಿಂದ ಆಯ್ದುಕೊಳ್ಳುತ್ತಾರೆ. ಆ ಕಾಲದ ಟಿವಿ ಹೆಚ್ಚುಕಡಿಮೆ ಚೌಕ. ಅಗಲದ ಚಿತ್ರವನ್ನು ಅದರಲ್ಲಿ ತೋರಿಸಲು ಎಡಬಲ ಕತ್ತರಿಸಿ ಹಾಕುವುದೇ ರೂಢಿಯಾಗಿತ್ತು. ಸೂಪರ್ 35ರಲ್ಲಿ ಬೇರೆ ದಾರಿ ಇತ್ತು: ಮೇಲೆ ಕೆಳಗೆ ಮುಚ್ಚಿದ್ದನ್ನು ತೆರೆದರೆ ಟಿವಿ ತುಂಬುತ್ತದೆ. ಕ್ಯಾಮೆರಾನ್ ಆಗ ಈ ಪದ್ಧತಿಯ ಪರವಾಗಿದ್ದರು. ಹಾಗಾಗಿ ಕ್ಯಾಸೆಟ್‌ನಲ್ಲಿ ನೋಡಿದವರಿಗೆ ಕೆಲವು ಕಡೆ ಚಿತ್ರಮಂದಿರದಲ್ಲಿ ಕಾಣದ ಆಕಾಶ ಕಂಡಿತು, ನೆಲ ಕಂಡಿತು. ಕ್ಯಾಸೆಟ್ ಎಂದರೆ ಬರೀ ಕಳಪೆ ಪ್ರತಿ ಎಂದುಕೊಂಡವರಿಗೆ ಈ ಮಾತು ಅಚ್ಚರಿಯಾಗಬಹುದು. ಎಲ್ಲ ಕ್ಯಾಸೆಟ್‌ಗಳಿಗೂ ಈ ಭಾಗ್ಯ ಇರಲಿಲ್ಲ. ನಮ್ಮ ಸಿನಿಮಾಸ್ಕೋಪ್ ಕನ್ನಡ ಚಿತ್ರಗಳು ಟಿವಿಗೆ ಬಂದಾಗ ಯುಗಳಗೀತೆಯಲ್ಲಿ ನಾಯಕನ ಅರ್ಧ ಮುಖ, ನಾಯಕಿಯ ಅರ್ಧ ಮುಖ, ನಡುವೆ ಒಂದು ಮರ ಕಂಡದ್ದು ನಿಮಗೆಲ್ಲ ನೆನಪಿದ್ದೀತು.

1993ರಲ್ಲಿ ಲೇಸರ್‌ಡಿಸ್ಕ್‌ನ ವಿಶೇಷ ಆವೃತ್ತಿ ಬಂತು. ಗ್ರಾಮಫೋನ್ ತಟ್ಟೆಯಷ್ಟು ದೊಡ್ಡ ಡಿಸ್ಕ್. ನಮ್ಮ ದೇಶದಲ್ಲಿ ಅದನ್ನು ಕಂಡವರೇ ಕಡಿಮೆ. ಅದರಲ್ಲಿ ಸುಮಾರು ಹದಿನೈದು ನಿಮಿಷ ಹೆಚ್ಚು ಕತೆ ಇತ್ತು. ನಾನು ಇವತ್ತು ಹೇಳಲೇಬೇಕೆಂದುಕೊಂಡು ಬಂದ ದೃಶ್ಯ ಅಲ್ಲಿದೆ.

ಕಾಯುವ ಯಂತ್ರವನ್ನು ಹುಡುಗ ಕೇಳುತ್ತಾನೆ: ನೀನು ಹೊಸದನ್ನು ಕಲಿಯಬಲ್ಲೆಯಾ? ಕಲಿಯಬಲ್ಲೆ, ಆದರೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಕಳುಹಿಸುವಾಗ ಆ ಸ್ವಿಚ್ಚನ್ನು ಆರಿಸಿ ಕಳುಹಿಸುತ್ತಾರೆ ಎಂಬ ಅರ್ಥದ ಉತ್ತರ ಬರುತ್ತದೆ. ಹಾಗಾದರೆ ಸ್ವಿಚ್ ಬದಲಿಸಲು ತಲೆಬುರುಡೆ ತೆರೆದು ಚಿಪ್ ಹೊರತೆಗೆಯಬೇಕು. ಸಾರಾ ತೆಗೆಯುತ್ತಾಳೆ. ಕನ್ನಡಿಯ ಮುಂದೆ ಯಂತ್ರ ಕುಳಿತಿದೆ, ಹಿಂದೆ ಸಾರಾ ನಿಂತು ನೆತ್ತಿಯ ಚರ್ಮ ಬಿಡಿಸಿ, ಮುಚ್ಚಳ ಎತ್ತಿ, ಇಕ್ಕಳದಿಂದ ಚಿಪ್ಪನ್ನು ಎಳೆಯುತ್ತಾಳೆ. ಕ್ಯಾಮೆರಾ ನಿಧಾನವಾಗಿ ಮುಂದೆ ಸಾಗುತ್ತದೆ. ಕನ್ನಡಿಯಲ್ಲಿ ಈ ಯಂತ್ರದ ಪಾತ್ರ ಮಾಡಿದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ ಮುಖ ಕಾಣುತ್ತಿದೆ, ಮಾತಾಡುತ್ತಿದೆ. ಇತ್ತ ಅದೇ ತಲೆಯ ಹಿಂಭಾಗ ತೆರೆದುಕೊಂಡಿದೆ. ನಡುವೆ ಎಲ್ಲಿಯೂ ಶಾಟ್ ಕತ್ತರಿಸಿಲ್ಲ.

ಹೇಗೆ? ಅಲ್ಲಿ ಕನ್ನಡಿಯೇ ಇಲ್ಲ. ಗೋಡೆಯಲ್ಲಿ ಕನ್ನಡಿಯ ಗಾತ್ರದ ಕಂಡಿ ಕೊರೆದು, ಆಚೆ ಬದಿಯಲ್ಲಿ ಈ ಕೋಣೆಯನ್ನೇ ತಿರುವುಮುರುವಾಗಿ ಇನ್ನೊಮ್ಮೆ ಕಟ್ಟಿದ್ದಾರೆ. ಈಚೆ ಕುಳಿತಿರುವುದು ಗೊಂಬೆ. ಆಚೆ ಕುಳಿತಿರುವವರು ನಿಜವಾದ ನಟ. ಆಚೆ ನಿಂತವರು ಸಾರಾ ಪಾತ್ರದ ಲಿಂಡಾ ಹ್ಯಾಮಿಲ್ಟನ್, ಈಚೆ ಬೆನ್ನು ತೋರಿಸಿ ಗೊಂಬೆಯ ತಲೆಯನ್ನು ಬಿಚ್ಚುತ್ತಿರುವವರು ಅವರ ಅವಳಿ ಸೋದರಿ ಲೆಸ್ಲಿ. ಇಬ್ಬರೂ ಒಬ್ಬರ ಕೈಯ ಚಲನೆಗೆ ಇನ್ನೊಬ್ಬರು ಕೈ ಹೊಂದಿಸಬೇಕು. ಕಂಪ್ಯೂಟರಿನ ಹೆಸರಿನಲ್ಲಿ ಪ್ರಸಿದ್ಧವಾದ ಚಿತ್ರದ ಈ ಮಹಾಚಮತ್ಕಾರ ಪೂರಾ ನಾಟಕದ ಕಂಪನಿಯವರ ಬುದ್ಧಿ. ನಮ್ಮ ಗುಬ್ಬಿ ಕಂಪನಿಯ ರಂಗಸಜ್ಜಿಕೆಯವರು ಇದನ್ನು ನೋಡಿದ್ದರೆ ಕೂಡಲೇ ಗುರುತು ಹಿಡಿದು ಚಪ್ಪಾಳೆ ತಟ್ಟುತ್ತಿದ್ದರು.

ಚಿಪ್ ಹೊರಬಂದ ಮೇಲೆ ಯಂತ್ರ ಕಲ್ಲಿನಂತೆ ಕುಳಿತಿದೆ. ಸಾರಾ ಚಿಪ್ಪನ್ನು ಮೇಜಿನ ಮೇಲಿಟ್ಟು ಸುತ್ತಿಗೆ ಎತ್ತುತ್ತಾಳೆ. ಒಂದೇ ಏಟಿಗೆ ಮುಗಿಸಿಬಿಡೋಣ ಎಂದು ಅವಳು, ಬೇಡ ಎಂದು ಮಗ. ನಾಳೆ ನಾನು ನಾಯಕನಾಗಬೇಕೆನ್ನುತ್ತೀಯ, ಇಂದು ನನ್ನ ತಾಯಿಯೇ ನನ್ನ ಮಾತು ಕೇಳದಿದ್ದರೆ ಹೇಗೆ ಎಂದು ಅವನು ಹಟ ಹಿಡಿಯುತ್ತಾನೆ. ಅವಳು ಸುತ್ತಿಗೆ ಇಳಿಸುತ್ತಾಳೆ. ಸ್ವಿಚ್ ಬದಲಿಸಿ ಚಿಪ್ಪನ್ನು ಮರಳಿ ಒಳಗಿಡುತ್ತಾರೆ. ಅಲ್ಲಿಂದ ಮುಂದೆ ಯಂತ್ರ ಕಲಿಯುತ್ತದೆ.

ಇಡೀ ಚಿತ್ರದ ತಿರುಳು ಇದು. ಕಲಿಯುವ ಯಂತ್ರವನ್ನು ಉಳಿಸಬೇಕೋ ಒಡೆಯಬೇಕೋ ಎಂದು ತಾಯಿ ಮಗ ಒಂದು ಮೇಜಿನ ಸುತ್ತ ತೀರ್ಮಾನಿಸುವ ಹೊತ್ತು. ಚಿತ್ರಮಂದಿರದ ಪ್ರತಿಯಲ್ಲಿ ಇದು ಇಲ್ಲ! ಓಟ ಕುಂಠಿತವಾದೀತೆಂದು ಕೈಬಿಟ್ಟರು. ಅಲ್ಲಿ ಯಂತ್ರ ‘ನನ್ನದು ಕಲಿಯುವ ಕಂಪ್ಯೂಟರ್’ ಎಂದು ಬಾಯಿಮಾತಿನಲ್ಲಿ ಹೇಳಿ ಮುಗಿಸುತ್ತದೆ. 1991ರಲ್ಲಿ ಟಿಕೆಟ್ ಕೊಂಡು ನೋಡಿದ ಯಾರೂ ಆ ಸುತ್ತಿಗೆಯನ್ನು ಕಾಣಲಿಲ್ಲ. ಮನೆಗೆ ಬಂದ ಡಿಸ್ಕ್ ಇಲ್ಲದಿದ್ದರೆ ಲೆಸ್ಲಿ ಹ್ಯಾಮಿಲ್ಟನ್ ಅವರ ಆ ಕೈಗಳು ಯಾವುದೋ ಉಗ್ರಾಣದಲ್ಲಿ ಉಳಿದುಹೋಗುತ್ತಿದ್ದವು. ಹೋಂ ವಿಡಿಯೋ ಬಾಲವಲ್ಲ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೆ.

ಎಲ್ಲ ಸೇರ್ಪಡೆಯೂ ಚೆನ್ನ ಎಂದು ಹೇಳುತ್ತಿಲ್ಲ. ಮೊದಲೇ ಹೇಳಿದ ಐದು ಅಂಕಿಗಳ ಹಿಂದೆ ಅಡಗಿದ್ದ ಮೂರನೆಯ ಆವೃತ್ತಿಯಲ್ಲಿ ಬೇರೆ ಕೊನೆ ಇದೆ. ಮುದುಕಿಯಾದ ಸಾರಾ ಉದ್ಯಾನದಲ್ಲಿ ಕುಳಿತು ಎಲ್ಲ ಸುಖಾಂತವಾಯಿತೆಂದು ನೆನೆಯುತ್ತಾಳೆ. ಅದನ್ನು ಬಿಟ್ಟು ಕತ್ತಲ ರಸ್ತೆಯ ಮೇಲೆ ಚಿತ್ರ ಮುಗಿಸಿದ್ದು ಕ್ಯಾಮೆರಾನ್ ಅವರ ಒಳ್ಳೆಯ ತೀರ್ಮಾನ. ಆದರೆ ಅದು ಒಳ್ಳೆಯ ತೀರ್ಮಾನವೆಂದು ನಮಗೆ ಗೊತ್ತಾದದ್ದು ಬಿಟ್ಟದ್ದನ್ನೂ ನೋಡಲು ಸಿಕ್ಕಿದ್ದರಿಂದ.

ಇಷ್ಟೊಂದು ಆವೃತ್ತಿಗಳು ಏಕೆ ಎಂದರೆ, ಕಲೆಯ ಜೊತೆಗೆ ಕಾಸಿನ ಕಾರಣವೂ ಇದೆ. ಚಿತ್ರ ತಯಾರಿಸಿದ ಕ್ಯಾರೊಲ್ಕೊ 1995ರಲ್ಲಿ ದಿವಾಳಿಯಾಯಿತು. ಹಕ್ಕುಗಳು ಹಂಚಿಹೋದವು. ಅಮೆರಿಕದಲ್ಲಿ ವಿಡಿಯೋ ಹಕ್ಕು ಲೈವ್, ಆರ್ಟಿಸನ್, ಲಯನ್ಸ್‌ಗೇಟ್ ಎಂದು ಕೈ ಬದಲಿಸಿತು. ಯೂರೋಪಿನ ಕಡೆ ಸ್ಟುಡಿಯೋಕೆನಾಲ್. ಹೊಸ ಒಡೆಯ, ಹೊಸ ಯಂತ್ರ, ಹೊಸ ಡಬ್ಬಿ.

ನಮ್ಮ ಕಡೆಗೆ ಬಂದದ್ದು ಹೆಚ್ಚಾಗಿ ವಿಸಿಡಿ. ಈ ಊರಿನಲ್ಲಿ ಇಂಗ್ಲಿಷ್ ಚಿತ್ರವೆಂದರೆ ಅಲ್ಕಾ ಟಾಕೀಸ್ ಅಥವಾ ರಾಹುಲ್. ತಪ್ಪಿದರೆ ತಪ್‌ಕೀರ್ ಗಲ್ಲಿಯಲ್ಲಿ ಕೊಂಡ ಪ್ಲೇಯರ್, ಓಣಿಯ ಮೂಲೆಯ ಲೈಬ್ರರಿಯಿಂದ ತಂದ ಡಿಸ್ಕ್. ವಿಸಿಡಿಯ ಚಿತ್ರಿಕೆಯಲ್ಲಿ ಇರುವುದು ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ. ಒಟ್ಟು ಒಂದು ಲಕ್ಷ. ಡಿವಿಡಿಯಲ್ಲಿ ನಾಲ್ಕು ಲಕ್ಷ, ಬ್ಲೂ-ರೇಯಲ್ಲಿ ಇಪ್ಪತ್ತು ಲಕ್ಷ, 4ಕೆಯಲ್ಲಿ ಎಂಬತ್ತು ಲಕ್ಷ ದಾಟುತ್ತದೆ. ಒಂದು ವಿಸಿಡಿಯಲ್ಲಿ ಹಿಡಿಸುವುದು ಸುಮಾರು 74 ನಿಮಿಷ, ಹಾಗಾಗಿ ಈ ಚಿತ್ರಕ್ಕೆ ಎರಡು ಡಿಸ್ಕ್ ಬೇಕು. ಕ್ಯಾಮೆರಾನ್ ಅವರು ಇಡದ ಮಧ್ಯಂತರ ನಮಗೆ ಸಿಗುತ್ತಿತ್ತು. ಕೊನೆಯ ಉಕ್ಕಿನ ಕಾರ್ಖಾನೆಯ ದೃಶ್ಯದಲ್ಲಿ ವಿಸಿಡಿ ಸೋತು ಕೈ ಚೆಲ್ಲುತ್ತದೆ. ಬೆಂಕಿ, ಹೊಗೆ, ಕಿಡಿ, ಹಬೆ ಎಲ್ಲವೂ ಕ್ಷಣಕ್ಷಣಕ್ಕೆ ಬದಲಾಗುವಂಥವು. ಅಷ್ಟು ಬದಲಾವಣೆಯನ್ನು ಬರೆದಿಡಲು ಡಿಸ್ಕ್‌ನಲ್ಲಿ ಜಾಗವಿಲ್ಲ. ಲೋಹದ ಹೊಳಪೆಲ್ಲ ಚೌಕಚೌಕವಾಗಿ ಒಡೆಯುತ್ತದೆ. ನಮ್ಮ ದೇಶದ ಟಿವಿಗಳ ಪಾಲ್ ಪದ್ಧತಿಯ ಡಿಸ್ಕ್‌ಗಳಲ್ಲಿ ಇನ್ನೊಂದು ವ್ಯತ್ಯಾಸ: ಸಿನಿಮಾ ಸೆಕೆಂಡಿಗೆ 24 ಚಿತ್ರಿಕೆಯಂತೆ ಓಡುತ್ತದೆ, ಆ ಟಿವಿ 25ರಂತೆ. ಹಾಗೆಯೇ ಓಡಿಸಿದರೆ 137 ನಿಮಿಷದ ಚಿತ್ರ ಐದೂವರೆ ನಿಮಿಷ ಬೇಗ ಮುಗಿಯುತ್ತದೆ, ಶ್ವಾರ್ಜ್‌ನೆಗರ್ ಅವರ ಗಡಸು ದನಿ ಕೊಂಚ ತೆಳುವಾಗುತ್ತದೆ.

ಆದರೂ ವಿಸಿಡಿಯನ್ನು ಹೀಗಳೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿದ ಕಾಲದಲ್ಲಿ ಮೊದಲ ಬಾರಿಗೆ ಸಾಮಾನ್ಯ ಸಂಬಳದ ಮನೆಗಳಲ್ಲಿ ಸಿನಿಮಾಗಳ ಸ್ವಂತ ಸಂಗ್ರಹ ಹುಟ್ಟಿತು. ಕಲಬುರಗಿ, ಯಾದಗಿರಿಗಳಿಂದ ಬಂದು ಈ ಊರಿನ ಕಟ್ಟಡಗಳನ್ನು ಎಬ್ಬಿಸಿದ ಕೆಲಸಗಾರರ ಶೆಡ್ಡುಗಳಲ್ಲಿ ರಾಜ್‌ಕುಮಾರ್ ಅವರ ಚಿತ್ರಗಳು ಓಡಿದ್ದು ಆ ಡಿಸ್ಕ್‌ಗಳಿಂದ. ಮರಾಠಿ ಊರಿನಲ್ಲಿ ಕನ್ನಡ ಚಿತ್ರಮಂದಿರಕ್ಕೆ ಬರುವುದೇ ಅಪರೂಪವಾಗಿದ್ದಾಗ ಕನ್ನಡ ಕೇಳಿಸಿದ ಯಂತ್ರ ಅದು.

2003ರ ‘ಎಕ್ಸ್‌ಟ್ರೀಮ್’ ಡಿವಿಡಿಯ ಕತೆಯನ್ನು ಎಲ್ಲ ಸಿನಿಮಾಪ್ರೇಮಿಗಳೂ ತಿಳಿದಿರಬೇಕು. ಬ್ಲೂ-ರೇ ಬರಲು ಇನ್ನೂ ಮೂರು ವರ್ಷವಿತ್ತು. ಅಷ್ಟರಲ್ಲೇ ಆ ಡಬ್ಬಿಯ ಎರಡನೆಯ ಡಿಸ್ಕ್‌ನಲ್ಲಿ ಇಡೀ ಚಿತ್ರವನ್ನು ವಿಂಡೋಸ್ ಕಂಪ್ಯೂಟರಿಗಾಗಿ ಪೂರ್ಣ ಹೈ ಡೆಫಿನಿಷನ್‌ನಲ್ಲಿ ಕೊಟ್ಟಿದ್ದರು. ಆ ಕಾಲದ ಸಾಮಾನ್ಯ ಕಂಪ್ಯೂಟರುಗಳು ಅದನ್ನು ಓಡಿಸಲು ಏದುಸಿರು ಬಿಡುತ್ತಿದ್ದವು. ಓಡಿಸುವ ಮೊದಲು ಕಂಪ್ಯೂಟರ್ ಇಂಟರ್ನೆಟ್ ಮೂಲಕ ದೂರದ ಸರ್ವರ್ ಒಂದರಿಂದ ಪರವಾನಗಿ ತರಬೇಕಿತ್ತು. ಅಮೆರಿಕ, ಕೆನಡಾಗಳ ಹೊರಗಿದ್ದವರಿಗೆ ಆ ಪರವಾನಗಿ ಸಿಗುತ್ತಿರಲಿಲ್ಲ. ಮುಂದೆ ಆ ಸರ್ವರ್ ನಿಂತಿತು. ಡಿಸ್ಕ್ ಕೈಯಲ್ಲೇ ಇದೆ, ಒಂದು ಗೀರಿಲ್ಲ, ಹಣ ಕೊಟ್ಟ ರಸೀದಿಯೂ ಇದೆ, ಚಿತ್ರ ಮಾತ್ರ ತೆರೆಯುವುದಿಲ್ಲ. ಡಿಸ್ಕ್ ಕೊಂಡವರ ಕಪಾಟಿನಲ್ಲಿ ಚಿತ್ರ ಇದೆ ಎಂದು ಹೇಳಬೇಕೋ ಇಲ್ಲ ಎಂದು ಹೇಳಬೇಕೋ?

ಚಿತ್ರದ ಪ್ರಳಯದ ದಿನವಾದ 1997ರ ಆಗಸ್ಟ್ 29ರಂದು ನಿಜಜೀವನದಲ್ಲಿ ಆರಂಭವಾದ ಕಂಪನಿ ನೆಟ್‌ಫ್ಲಿಕ್ಸ್. ಡಿವಿಡಿಗಳನ್ನು ಅಂಚೆಯಲ್ಲಿ ಕಳುಹಿಸುತ್ತ ಶುರುವಾದ ಆ ಕಂಪನಿ 2023ರ ಸೆಪ್ಟೆಂಬರಿನಲ್ಲಿ ಕೊನೆಯ ಡಿಸ್ಕ್ ಕಳುಹಿಸಿ ಆ ವ್ಯವಹಾರ ಮುಚ್ಚಿತು. ಇಂದು ನಾವೆಲ್ಲ ಸಿನಿಮಾ ನೋಡುವುದು 2003ರ ಆ ಎರಡನೆಯ ಡಿಸ್ಕ್‌ನ ರೀತಿಯಲ್ಲೇ: ದೂರದ ಸರ್ವರ್ ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ. ಕಳೆದ ತಿಂಗಳು ಇದ್ದ ಚಿತ್ರ ಈ ತಿಂಗಳು ಪಟ್ಟಿಯಲ್ಲಿ ಇಲ್ಲದಿದ್ದಾಗ ಯಾರನ್ನು ಕೇಳುತ್ತೀರಿ?

ಈಗ ಮುಖಗಳ ವಿಷಯ. 2017ರಲ್ಲಿ ಮೂಲ ನೆಗೆಟಿವ್‌ನಿಂದ 4ಕೆಯಲ್ಲಿ ಸ್ಕ್ಯಾನ್ ಮಾಡಿ ಚಿತ್ರವನ್ನು 3ಡಿಗೆ ತಿರುಗಿಸಿದರು. ಕಾಲುವೆಗೆ ಮೋಟಾರ್‌ಸೈಕಲ್ ಹಾರಿಸುವ ಶಾಟ್‌ನಲ್ಲಿ ಸ್ಟಂಟ್ ಕಲಾವಿದನ ಮುಖದ ಮೇಲೆ ಶ್ವಾರ್ಜ್‌ನೆಗರ್ ಅವರ ಮುಖ ಕೂರಿಸಿದರು. 1991ರಲ್ಲಿ ಅದೇ ಮೋಟಾರ್‌ಸೈಕಲ್ಲನ್ನು ತೂಗಿ ಹಿಡಿದಿದ್ದ ದಪ್ಪ ತಂತಿಗಳನ್ನು ಡಿಜಿಟಲ್ ಆಗಿ ಅಳಿಸಿದ್ದರು. ಆಗ ತಂತಿ, ಈಗ ಮನುಷ್ಯ. ಪ್ರಾಣ ಪಣಕ್ಕಿಟ್ಟು ಹಾರಿದವನ ಮುಖ ಕಾಲು ಶತಮಾನದ ಮೇಲೆ ಅಳಿಸಿಹೋಯಿತು ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅದರ ಬೆನ್ನಿಗೆ ಬಂದ 4ಕೆ ಡಿಸ್ಕ್‌ನಲ್ಲಿ ಎಲ್ಲರ ಮುಖವೂ ನಯವಾಗಿತ್ತು. ಫಿಲ್ಮ್‌ನಲ್ಲಿ ಚಿತ್ರ ಮೂಡುವುದು ಬೆಳ್ಳಿಯ ಲವಣಗಳ ಸೂಕ್ಷ್ಮ ಕಣಗಳಿಂದ. ಆ ಕಣಗಳ ಗುರುತು ಪರದೆಯ ಮೇಲೆ ಸಣ್ಣಗೆ ಮಿಸುಕುತ್ತಿರುತ್ತದೆ. ಅದನ್ನೇ ಗ್ರೇನ್ ಎನ್ನುತ್ತೇವೆ. 3ಡಿಯಲ್ಲಿ ಎರಡು ಕಣ್ಣಿಗೆ ಎರಡು ಚಿತ್ರ ಬೇಕು, ಗ್ರೇನ್ ಅಲ್ಲಿ ತೊಡಕು ಕೊಡುತ್ತದೆ, ಅದಕ್ಕೆ ಅಳಿಸಿದರು. ಆದರೆ ಆ ಅಳಿಸಿದ ಪ್ರತಿಯೇ ಸಾಮಾನ್ಯ ಡಿಸ್ಕ್‌ಗೂ ಬಂತು. ಈಗ ಈ ಪರದೆಯ ಮೇಲೆ ನೋಡಿ. ಎಡಗಡೆ 2009ರ ಬ್ಲೂ-ರೇ, ಬಲಗಡೆ 4ಕೆ. ಮರುಭೂಮಿಯಲ್ಲಿ ಸಾರಾ ಮೇಜಿನ ಬಳಿ ಕುಳಿತ ಶಾಟ್. ಎಡಗಡೆ ಕಣ್ಣಿನ ಕೆಳಗೆ ಸುಕ್ಕಿದೆ, ಬಿಸಿಲಿಗೆ ಬೆಂದ ಒರಟು ಚರ್ಮವಿದೆ. ಬಲಗಡೆ ಬಣ್ಣ ಗಾಢವಾಗಿದೆ, ಚರ್ಮ ಮೇಣದ್ದಾಗಿದೆ. ವರ್ಷಗಟ್ಟಲೆ ನಿದ್ದೆಗೆಟ್ಟ ತಾಯಿಯ ಮುಖ ಅದು. ನಿದ್ದೆಗೇಡನ್ನೇ ಒರೆಸಿ ತೆಗೆದರೆ ಉಳಿಯುವುದೇನು? (ಇಲ್ಲಿ ಸಭೆಯಲ್ಲಿ ಒಬ್ಬರು ‘ಬಲಗಡೆಯದೇ ಚೆನ್ನಾಗಿದೆಯಲ್ಲ’ ಎಂದರು. ಹೊಸ ಟಿವಿ ಕೊಳ್ಳುವಾಗ ಅಂಗಡಿಯಲ್ಲಿ ನಮಗೆಲ್ಲ ಹಾಗೇ ಅನ್ನಿಸುತ್ತದೆ. ಹತ್ತು ನಿಮಿಷ ಓಡಿಸಿ ತೋರಿಸಿದ ಮೇಲೆ ಅವರು ಎಡಗಡೆಯದನ್ನು ನೋಡತೊಡಗಿದ್ದು ನನಗೆ ಸಂತೋಷ ತಂದಿತು.)

ಈಗ ಈ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಕ್ಯಾಮೆರಾನ್ ಅವರದೇ 1994ರ ‘ಟ್ರೂ ಲೈಸ್’ ಚಿತ್ರದ 4ಕೆ ಡಿಸ್ಕ್ 2024ರಲ್ಲಿ ಬಂದಾಗ, ಯಂತ್ರಕಲಿಕೆಯ ತಂತ್ರದಿಂದ ಅದನ್ನು ಹಸನು ಮಾಡಿದ ರೀತಿಗೆ ದೊಡ್ಡ ಆಕ್ಷೇಪ ಎದ್ದಿತು. ಸಾವಿರಾರು ಚಿತ್ರಿಕೆಗಳನ್ನು ನೋಡಿ ಕಲಿತ ಯಂತ್ರವು ಮಸುಕಾದ ಕಡೆ ‘ಇಲ್ಲಿ ರೆಪ್ಪೆಗೂದಲು ಇದ್ದಿರಬೇಕು’ ಎಂದು ಊಹಿಸಿ ಬರೆಯುತ್ತದೆ. ಕ್ಯಾಮೆರಾದ ಮುಂದೆ ಅದು ಇತ್ತೋ ಇಲ್ಲವೋ ಯಂತ್ರಕ್ಕೆ ಗೊತ್ತಿಲ್ಲ. ನಿರ್ದೇಶಕರು ಈ ಕೆಲಸವನ್ನು ಸಮರ್ಥಿಸಿಕೊಂಡರು. ತಮ್ಮ ಚಿತ್ರವನ್ನು ತಿದ್ದುವ ಹಕ್ಕು ಅವರಿಗಿದೆ ಎಂದು ನಾನೂ ಒಪ್ಪುತ್ತೇನೆ. ತಿದ್ದುವ ಮುಂಚಿನದನ್ನು ನೋಡುವ ಹಕ್ಕು ನಮಗೂ ಇದೆ ಎಂಬುದನ್ನು ಬಿಟ್ಟುಕೊಡಲಾರೆ. ಕಲಿಯುವ ಚಿಪ್ಪಿನ ಮುಂದೆ ಸುತ್ತಿಗೆ ಹಿಡಿದು ನಿಂತ ಸಾರಾಳ ದೃಶ್ಯವನ್ನು ನಾನು ಇಷ್ಟು ವಿವರವಾಗಿ ಹೇಳಿದ್ದು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ. ಅಲ್ಲಿ ಯಂತ್ರವನ್ನು ಒಡೆಯಲಿಲ್ಲ, ಕಲಿಯಲು ಬಿಟ್ಟರು. ಆದರೆ ಬಿಡುವ ಮೊದಲು ಇಬ್ಬರು ಮನುಷ್ಯರು ಕುಳಿತು ವಾದ ಮಾಡಿದರು.

ಈಗ ಲಾ ಕಾಲೇಜ್ ರಸ್ತೆಗೆ ಬರುತ್ತೇನೆ. ಈ ಊರಿನಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾಯಿತು. ಪಿ. ಕೆ. ನಾಯರ್ ಅವರು ದೇಶದ ಮೂಲೆಮೂಲೆ ತಿರುಗಿ ಡಬ್ಬಿ ಡಬ್ಬಿ ಫಿಲ್ಮ್ ಹೊತ್ತು ತಂದು ಅದನ್ನು ಕಟ್ಟಿದರು. ಟರ್ಮಿನೇಟರಿಗೆ ಇಷ್ಟೆಲ್ಲ ಆವೃತ್ತಿಗಳ ನಡುವೆ ಯಾವುದು ಸರಿ ಎಂಬ ಜಗಳವಿದೆ. ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಜಗಳವಾಡಲು ಒಂದು ಪ್ರತಿಯೂ ಇಲ್ಲ. 1934ರಲ್ಲಿ ಅದು ತಯಾರಾದದ್ದು ಇಲ್ಲೇ ನಾವು ಊರಿಗೆ ಹೋಗುವ ದಾರಿಯಲ್ಲಿರುವ ಕೊಲ್ಲಾಪುರದಲ್ಲಿ. ಇನ್ನೊಂದು ಕಡೆ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಇದೆ. ಈ ಊರಿನ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಅದನ್ನು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರರು ಸೇರಿ ಪುನರುಜ್ಜೀವಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ನೆಗೆಟಿವ್ ಇತ್ತು, ಆದ್ದರಿಂದ ಆಯಿತು. ಈ ಎರಡರ ನಡುವೆ ನೂರಾರು ಕನ್ನಡ ಚಿತ್ರಗಳಿವೆ. ಅವುಗಳಲ್ಲಿ ಎಷ್ಟೋ ಸಾಹಸ ಚಿತ್ರಗಳಿಗೆ, ಪತ್ತೇದಾರಿ ಚಿತ್ರಗಳಿಗೆ ಜನರ ಕೈಗೆ ಸಿಗುವ ರೂಪವೆಂದರೆ ಹಳೆಯ ಕ್ಯಾಸೆಟ್, ವಿಸಿಡಿ, ಟಿವಿಯಿಂದ ಮುದ್ರಿಸಿಕೊಂಡ ಪ್ರತಿ. ಅವೇ ಹೋದರೆ?

ಪ್ರಶ್ನೋತ್ತರದಲ್ಲಿ ಹಿರಿಯ ಮಹಿಳೆಯೊಬ್ಬರು, ‘ನಮ್ಮವರು ತೀರಿಕೊಂಡ ಮೇಲೆ ಅಟ್ಟದ ಮೇಲೆ ಎರಡು ಡಬ್ಬ ಕ್ಯಾಸೆಟ್ ಹಾಗೇ ಇದೆ, ಹಾಕಿ ನೋಡಲೇ?’ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತೇನೆ. ಅಮ್ಮಾ, ಈಗಲೇ ಹಾಕಬೇಡಿ. ಕ್ಯಾಸೆಟ್‌ನ ಕಿಟಕಿಯಿಂದ ಸುರುಳಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪುಡಿಯಂತೆ ಕಂಡರೆ ಅದು ಬೂಸ್ಟು. ಪುಣೆಯ ಮಳೆಗಾಲದ ತೇವಕ್ಕೆ ಬೇಗ ಹಿಡಿಯುತ್ತದೆ. ಬೂಸ್ಟು ಹಿಡಿದ ಒಂದು ಕ್ಯಾಸೆಟ್ ಹಾಕಿದರೆ ಪ್ಲೇಯರಿನ ಹೆಡ್ ಕೆಡುವುದಷ್ಟೇ ಅಲ್ಲ, ಮುಂದೆ ಹಾಕುವ ಎಲ್ಲ ಕ್ಯಾಸೆಟ್‌ಗಳಿಗೂ ಅಂಟುತ್ತದೆ. ನಿಲ್ಲಿಸಿ ಇಡಿ, ಒಣ ಜಾಗದಲ್ಲಿಡಿ, ಸ್ಪೀಕರಿನ ಹತ್ತಿರ ಬೇಡ. ಡಿಸ್ಕ್ ಆದರೆ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಚೀಟಿ ಅಂಟಿಸಬೇಡಿ. ಕಂಪ್ಯೂಟರಿಗೆ ಇಳಿಸುವವರು ಮೊದಲು ಇದ್ದದ್ದನ್ನು ಇದ್ದಂತೆಯೇ ಇಳಿಸಲಿ, ಗೀಟು, ಚುಕ್ಕೆ, ಗುಂಯ್‌ಗುಡುವ ಸದ್ದು ಎಲ್ಲ ಸಹಿತ. ಮುಖ ನಯ ಮಾಡುವ ಆ್ಯಪ್‌ಗಳ ಬಾಯಿಗೆ ಆ ಪ್ರತಿಯನ್ನು ಕೊಡಬೇಡಿ. ಚೆಂದ ಮಾಡುವುದಿದ್ದರೆ ಇನ್ನೊಂದು ನಕಲು ತೆಗೆದು ಅದರಲ್ಲಿ ಮಾಡಲಿ.

ಮುಂದಿನ ಸಭೆಯಲ್ಲಿ ಉಪನ್ಯಾಸ ಇಲ್ಲ. ಒಂದು ದೊಡ್ಡ ಮೇಜು ಹಾಕುತ್ತೇವೆ. ಮನೆಯಲ್ಲಿರುವ ಕನ್ನಡ ಚಿತ್ರಗಳ ಕ್ಯಾಸೆಟ್, ವಿಸಿಡಿ, ಡಿವಿಡಿ ಏನಿದ್ದರೂ ತನ್ನಿ. ಚಿತ್ರದ ಹೆಸರು, ಹೊರತಂದ ಕಂಪನಿ, ಡಿಸ್ಕ್ ಎಷ್ಟು, ಓಡುವ ಅವಧಿ ಎಷ್ಟು, ಎಲ್ಲಿಂದ ಬಂದದ್ದು ಎಂದು ಪಟ್ಟಿ ಮಾಡೋಣ. ಒಂದೇ ಚಿತ್ರದ ಎರಡು ಪ್ರತಿ ಬಂದರೆ ಅಕ್ಕಪಕ್ಕ ಓಡಿಸಿ ಯಾವುದರಲ್ಲಿ ಏನು ಬಿಟ್ಟುಹೋಗಿದೆ ಎಂದು ನೋಡೋಣ. ಚೀಟಿ ಹರಿದು ಹೆಸರೇ ಗೊತ್ತಾಗದಿದ್ದರೂ ಪರವಾಗಿಲ್ಲ, ತನ್ನಿ. ಡಬ್ಬ ಭಾರವಿದ್ದರೆ ಒಂದು ಮಾತು ತಿಳಿಸಿ, ಹುಡುಗರು ಬಂದು ಎತ್ತಿಕೊಂಡು ಬರುತ್ತಾರೆ.